ಹ್ಯಾಂಡಲ್ಲಿಗೆ ಕಟ್ಟಿದ ಟವೆಲ್

2025ರ ಮಾರ್ಚ್ 11, ಮಂಗಳವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮದ್ದೂರು ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಒಂದು ಹಳೆಯ ರೆಕ್ಸಿನ್ ಚೀಲವನ್ನು ಎದೆಗೆ ಅವಚಿಕೊಂಡಿದ್ದರು. ಹೆಡ್ ಕಾನ್‌ಸ್ಟೇಬಲ್ ತಿಮ್ಮಯ್ಯ ಬೆಂಚು ತೋರಿಸಿ ನೀರಿನ ಲೋಟ ಎತ್ತಿಕೊಂಡವನು, ರಂಜಾನ್ ಎಂಬುದು ನೆನಪಾಗಿ ಲೋಟವನ್ನು ಸುಮ್ಮನೆ ಹಿಂದಕ್ಕಿಟ್ಟ.

ಸಬ್ ಇನ್‌ಸ್ಪೆಕ್ಟರ್ ರವಿಚಂದ್ರನಿಗೆ ಆಕೆಯ ಗುರುತು ಹತ್ತಿತು. ಮಹಬೂಬ್ ಬೀ. ನಾಲ್ಕು ದಿನದ ಹಿಂದೆ, ಶುಕ್ರವಾರ ಸಂಜೆ, ಶವಾಗಾರದ ಬಾಗಿಲಲ್ಲಿ ಆಕೆಯ ಗಂಡ ಅಫ್ಸರ್ ಪಾಷಾ ಅವರ ದೇಹವನ್ನೂ, ಇದೇ ಚೀಲವನ್ನೂ ಸಹಿ ಹಾಕಿಸಿಕೊಂಡು ಒಪ್ಪಿಸಿದವನು ಅವನೇ.

"ಮನೆ ಬುಟ್ಟು ಬರಬಾರ್ದು ನಾನು," ಆಕೆ ಹೇಳಿದರು. "ಗಂಡ ಸತ್ತೋಳ್ಗೆ ನಾಕು ತಿಂಗ್ಳು ಅತ್ತು ದಿನ ಇದ್ದತ್ತು. ಒಳಗೇ ಇರ್ಬೇಕು. ಆದ್ರೂ ಬಂದೆ ಸಾಹೇಬ್ರೆ."

"ಹೇಳಿ ಅಮ್ಮ."

"ಟವೆಲ್ ಕಟ್ಟಿರ್ಲಿಲ್ಲ, ತಪ್ಪೆಲ್ಲ ಅವರ್ದೇ ಅಂತ ಕಂಪ್ನಿಯೋರು ಬರ್ಕೊಟ್ಟವ್ರಂತೆ. ನೀವೂ ಅಂಗೇ ಬರ್ದಿದ್ದೀರಂತೆ. ಔದಾ?"

ರವಿಚಂದ್ರ ಸುಳ್ಳು ಹೇಳಲಿಲ್ಲ. "ಹೌದು. ಅಲ್ಲಿ ಟವೆಲ್ ಇರಲಿಲ್ಲ."

"ಇಪ್ಪತ್ತೆಂಟು ವರ್ಸ. ಒಂದಿನ ಕಟ್ದೆ ಕೈ ಇಕ್ಕಿದೋರಲ್ಲ. ನಂಗೇನೂ ಬ್ಯಾಡ. ಅವ್ರು ಬೇಜವಾಬ್ದಾರಿಯಿಂದ ಸತ್ರು ಅನ್ನೋದೊಂದು ಅಳಿಸ್ಬುಡಿ."

ಆ ಟವೆಲಿನ ಸಂಗತಿ ರವಿಚಂದ್ರನಿಗೆ ಶುಕ್ರವಾರವೇ ಗೊತ್ತಾಗಿತ್ತು. ಪಾಷಾ ಆತಗೂರು ಹೋಬಳಿಯ ಒಂದು ಗ್ಯಾಸ್ ಘಟಕದಲ್ಲಿ ಫಿಟ್ಟರ್ ಆಗಿದ್ದರು. ಸಕ್ಕರೆ ಕಾರ್ಖಾನೆಗಳಿಂದ ಬಂದ ಮಡ್ಡಿಯನ್ನು ಕೊಳೆಸಿ ಅಲ್ಲಿ ಗ್ಯಾಸು ತೆಗೆಯುತ್ತಾರೆ. ಗ್ಯಾಸು ಒಂದು ದೊಡ್ಡ ಬಲೂನಿನಲ್ಲಿ ತುಂಬಿಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಮೂರು ಹಂತದಲ್ಲಿ ಒತ್ತಿ ಸಿಲಿಂಡರಿಗೆ ಇಳಿಸುತ್ತದೆ. ಪಾಷಾ ಹತ್ತೊಂಬತ್ತರ ಹರೆಯದಲ್ಲಿ ಬೇರೆಲ್ಲೋ ಐಸ್ ಫ್ಯಾಕ್ಟರಿಯಲ್ಲಿ ಮಿಷನ್ನಿಗೆ ಕೈ ಹಾಕಿದ್ದಾಗ ಇನ್ಯಾರೋ ಸ್ವಿಚ್ಚು ಒತ್ತಿ, ಎಡಗೈಯ ಎರಡು ಬೆರಳು ಹೋಗಿದ್ದವು. ಅಂದಿನಿಂದ ಅವರದೊಂದು ಕಟ್ಟಳೆ. ಮಿಷನ್ ಬಿಚ್ಚುವ ಮೊದಲು ಪ್ಯಾನೆಲಿನ ಹ್ಯಾಂಡಲ್ ಕೆಳಗೆಳೆದು, ಅದಕ್ಕೆ ತನ್ನ ಟವೆಲ್ ಕಟ್ಟುವುದು. ಕಟ್ಟಿದವನೇ ಬಿಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ಘಟಕದಲ್ಲಿ ಬೀಗ ಹಾಕುವ ಏರ್ಪಾಡು ಇರಲಿಲ್ಲ. ಆ ಬಟ್ಟೆಯೇ ಬೀಗವಾಗಿತ್ತು. ಶುಕ್ರವಾರ ಅವರು ರಿಪೇರಿಯಲ್ಲಿದ್ದಾಗಲೇ ಕಂಪ್ರೆಸರ್ ಚಾಲು ಆಗಿ ಸತ್ತಿದ್ದರು; ಹ್ಯಾಂಡಲಿನ ಮೇಲೆ ಟವೆಲ್ ಇರಲಿಲ್ಲ.

ರವಿಚಂದ್ರ ಬ್ಲಫ್ ಎಂಬ ವಿದ್ಯುತ್ ಕಾಲೊನಿಯ ಹುಡುಗ. ಅವನ ಅಪ್ಪ ವಿದ್ಯುದಾಗಾರದಲ್ಲಿ ಲೈನಿನ ಕೆಲಸಕ್ಕೆ ಇಳಿಯುವಾಗ ಸ್ವಿಚ್ಚಿಗೆ ಹೆಸರು ಬರೆದ ಕೆಂಪು ಹಲಗೆ ನೇತುಹಾಕುತ್ತಿದ್ದರು. ಅದನ್ನು ಬೇರೆಯವರು ತೆಗೆಯುವುದು ಆ ಮನೆಗಳಲ್ಲಿ ಕೊಲೆಯಷ್ಟೇ ದೊಡ್ಡ ಮಾತು.

ಮಹಬೂಬ್ ಬೀ ಚೀಲದಿಂದ ಬಿಳಿ ಟವೆಲ್ ತೆಗೆದು ಮೇಜಿನ ಮೇಲಿಟ್ಟರು.

"ನೀವು ಕೊಟ್ಟ ಚೀಲ ನೆನ್ನೆ ಬಿಚ್ದೆ. ಇದು ಒಳಗಿತ್ತು. ನೆತ್ತರು ಆಗ್ಯದೆ, ನೋಡಿ. ಚೀಲದೊಳ್ಗಿದ್ದ ಬಟ್ಟೆಗೆ ನೆತ್ತರು ಎಂಗ್ ಬಂತು?"

ಟವೆಲಿನ ನಡುಮಧ್ಯೆ ಬೆರಳಗಲದ ಕೆಂಪು ಪಟ್ಟಿ. ರವಿಚಂದ್ರ ಬಗ್ಗಿ ನೋಡಿದ. ನಾಲ್ಕು ದಿನದ ರಕ್ತ ಕಾಫಿ ಗಸಿಯ ಬಣ್ಣಕ್ಕೆ ತಿರುಗಿರಬೇಕಿತ್ತು. ಇದು ಕುಂಕುಮದಂತೆ ಹೊಳೆಯುತ್ತಿತ್ತು. ಮೂಸಿದ.

"ಇದು ರಕ್ತ ಅಲ್ಲ ಅಮ್ಮ. ಪೇಂಟು. ಟವೆಲ್ ಯಾವಾಗ ಒಗೆದದ್ದು?"

"ಬೇಸ್ತವಾರ. ಸುಕ್ರವಾರ ಬೆಳಗಿನ್ ಜಾವ ಸೆಹ್ರಿ ಊಟ ಮುಗಿದ್ಮೇಲೆ ನಾನೇ ಮಡ್ಚಿಕೊಟ್ಟೆ."

"ಆಗ ಈ ಕಲೆ ಇತ್ತಾ?"

"ಇಲ್ಲ. ಹಾಲಿನಂಗೆ ಬೆಳ್ಳಗಿತ್ತು."

ಶುಕ್ರವಾರ ವಿಶ್ರಾಂತಿ ಕೋಣೆಯ ಮೊಳೆಯಲ್ಲಿ ನೇತಾಡುತ್ತಿದ್ದ ಆ ಚೀಲವನ್ನು ಅವನು ಇಳಿಸಿದ್ದ, ಚೀಟಿ ಅಂಟಿಸಿದ್ದ, ಕೊಟ್ಟಿದ್ದ. ಜಿಪ್ಪು ಎಳೆದು ನೋಡಿರಲಿಲ್ಲ.

ಆಕೆಯ ಹೇಳಿಕೆ ಬರೆದುಕೊಂಡು, ಪಂಚರ ಎದುರು ಟವೆಲನ್ನೂ ಚೀಲವನ್ನೂ ಜಪ್ತಿ ಮಾಡಿದರು. ಚೀಲದಲ್ಲಿ ಉಳಿದಿದ್ದವು ಎರಡೇ: ರೋಜಾ ಉಪವಾಸ ಬಿಡಲು ಇಟ್ಟುಕೊಂಡ ಖರ್ಜೂರದ ಪೊಟ್ಟಣ, ಬಿಳಿ ನಮಾಜಿನ ಟೋಪಿ. ಅಸ್ವಾಭಾವಿಕ ಸಾವು ಎಂದಿದ್ದ ಪ್ರಕರಣ 11.40ಕ್ಕೆ ಎಫ್‌ಐಆರ್ ಆಯಿತು. ಕಲಂ 106, ನಿರ್ಲಕ್ಷ್ಯದಿಂದ ಮರಣ. ಕಲಂ 238, ಸಾಕ್ಷ್ಯ ಮರೆಮಾಚುವಿಕೆ. ಆರೋಪಿಯ ಹೆಸರಿನ ಜಾಗದಲ್ಲಿ ತಿಮ್ಮಯ್ಯ 'ತನಿಖೆಯಿಂದ ತಿಳಿಯಬೇಕು' ಎಂದು ಬರೆದ.

ಮಧ್ಯಾಹ್ನ 12.30ಕ್ಕೆ ಜೀಪು ಘಟಕದ ಗೇಟು ತಲುಪಿತು. 'ಸುರಕ್ಷತಾ ಸಪ್ತಾಹ' ಎಂಬ ಬ್ಯಾನರು ಇನ್ನೂ ತೂಗುತ್ತಿತ್ತು. ಗೇಟಿನ ಕಾವಲುಗಾರ ಮಾದಯ್ಯ ಓಡಿ ಬಂದ. ಅರವತ್ತರ ಹತ್ತಿರದ, ತೆಳ್ಳನೆ ಮನುಷ್ಯ.

"ಪ್ಯಾನೆಲ್ ಹ್ಯಾಂಡಲ್ಲಿಗೆ ಬಣ್ಣ ಹೊಡೆದದ್ದು ಯಾರು?"

"ನಾನೇ ಕಣ್ ಸಾ. ಸೇಫ್ಟಿ ವಾರ, ಆಫೀಸರ್ ಬತ್ತಾರೆ, ಕೆಂಪಗಿರ್ಲಿ ಅಂದ್ರು ಮ್ಯಾನೇಜ್ರು."

"ಯಾವತ್ತು?"

"ಸುಕ್ರವಾರ. ಅನ್ನೊಂದು ಗಂಟೆಗೆ."

ಶುಕ್ರವಾರವೇ. ಆ ಹಸಿ ಬಣ್ಣ ಟವೆಲಿಗೆ ಹತ್ತಬೇಕಾದರೆ ಪಾಷಾ ಆ ದಿನ ಹನ್ನೊಂದರ ಮೇಲೆ ಅದನ್ನು ಕಟ್ಟಿದ್ದಿರಬೇಕು. ಪ್ಯಾನೆಲ್ ಕೋಣೆ ಕಂಪ್ರೆಸರ್ ಶೆಡ್ಡಿಗೆ ಹೊಂದಿಕೊಂಡಿತ್ತು. ನಡುವೆ ಗಾಜಿನ ಕಿಟಕಿ. ಕಿಟಕಿಯಿಂದ ಮಿಷನ್ನಿನ ಮುಂಭಾಗ ಕಾಣುತ್ತದೆ, ಹಿಂದಿನ ದೊಡ್ಡ ಚಕ್ರ, ಫ್ಲೈವೀಲು, ಕಾಣುವುದಿಲ್ಲ. ತಿಮ್ಮಯ್ಯ ಹ್ಯಾಂಡಲ್ಲಿಗೆ ಟಾರ್ಚು ಬಿಟ್ಟ. ಒಣಗಿದ ಬಣ್ಣದ ಮೇಲೆ ಬಟ್ಟೆಯ ನೇಯ್ಗೆ ಅಚ್ಚೊತ್ತಿದಂತೆ ಮೂಡಿತ್ತು. ಎರಡು ಬಿಳಿ ನೂಲೆಳೆ ಅಂಟಿಕೊಂಡಿದ್ದವು.

"ಸುಕ್ರವಾರ ನಮ್ಗಿದು ಕಾಣ್ಲಿಲ್ವಲ್ಲ ಸಾ," ಎಂದ ತಿಮ್ಮಯ್ಯ.

"ನಾವು ನೋಡ್ಲಿಲ್ಲ," ಎಂದ ರವಿಚಂದ್ರ.

ಫೋಟೊ ತೆಗೆಸಿ, ಎಳೆಗಳನ್ನು ಚಿಮಟದಿಂದ ಬಿಡಿಸಿ ಲಕೋಟೆಗೆ ಹಾಕಿದರು. ಪ್ಯಾನೆಲಿನ ದಾಖಲೆ ತೆರೆಸಿದರು. 12.05ಕ್ಕೆ ಬಿಸಿ ಹೆಚ್ಚಾಗಿ ಮಿಷನ್ ತಾನಾಗಿ ನಿಂತದ್ದು. 13.14.22ಕ್ಕೆ ಚಾಲು. 13.14.31ಕ್ಕೆ ಬಂದ್. ಒಂಬತ್ತು ಸೆಕೆಂಡು.

ಚಾಲು ಮಾಡಿದ ಆಪರೇಟರ್ ಸ್ವರೂಪ್ ಅಲ್ಲೇ ಗೋಡೆಗೊರಗಿ ನಿಂತಿದ್ದ. ಕೊತ್ತತ್ತಿಯವನು, ಇಪ್ಪತ್ತಾರು ವಯಸ್ಸು. ಶುಕ್ರವಾರದಿಂದ ಅವನು ಗಡ್ಡ ಬೋಳಿಸಿರಲಿಲ್ಲ.

"ಅವತ್ತು ಮಿಷನ್ ಯಾಕೆ ಕೆಟ್ಟಿತ್ತು?"

"ಮೂರ್ನೇ ಸ್ಟೇಜಿಂದು ಬಿಸಿ ಏರ್ತಿತ್ತು ಸಾ. ವಾಲ್ವಿನ ಪ್ಲೇಟು ಸೀಳಿರ್ತದೆ. ಒತ್ತಿ ಆಚೆಗೆ ತಳ್ಳಿದ್ ಗ್ಯಾಸು ವಾಪಸ್ ನುಗ್ತದೆ, ಅದ್ನೇ ಮತ್ತೆ ಒತ್ತೋದು. ಬಿಸಿ ಮೇಲೆ ಬಿಸಿ."

"ಯಾವ ವಾಲ್ವು ಅಂತ ಹೇಗೆ ಗೊತ್ತಾಗುತ್ತೆ?"

"ಮೀಟ್ರು ಅದ್ನ ಏಳಲ್ಲ. ಪಾಷಾ ಉಸ್ತಾದ್ರು ಕೈ ಇಂಬದಿನ ಒಂದೊಂದ್ ಮುಚ್ಚಳದ್ ತಾವ ಇಡಿದು ನೋಡ್ತಾರೆ. ಕೆಟ್ಟಿರದು ಪಕ್ಕದ್ದಕ್ಕಿಂತ ಜಾಸ್ತಿ ಸುಡ್ತದೆ. ಅಂಗೈಲಿ ನೋಡ್ಬೇಡ ಕಣ್ಲಾ, ಅಂಗೈ ಇದ್ರೆ ಅನ್ನ ಅಂತಾರೆ..." ಅವನು ನಿಲ್ಲಿಸಿದ. "ಅಂತಿದ್ರು."

"ಟವೆಲ್ ಇರಲಿಲ್ಲ ಅಂತ ಹೇಳಿಕೆ ಕೊಟ್ಟಿದ್ದೀಯ."

"ಇರ್ಲಿಲ್ಲ ಸಾ."

"ಪಾಷಾ ಎಲ್ಲಿದ್ದಾರೆ ಅಂದುಕೊಂಡೆ?"

"ನಮಾಜಿಗೆ ಓಗವ್ರೆ ಅಂತ. ಸುಕ್ರವಾರ, ಅದ್ರಲ್ಲೂ ರಂಜಾನು. ತಪ್ಪುಸ್ತಿರ್ಲಿಲ್ಲ. ಅವರ್ ಗಾಡಿನೂ ಇರ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಮಾದಯ್ಯನ ಮುಖ ಬಿಳಿಚಿತು. ರವಿಚಂದ್ರ ಅವನನ್ನು ಹೊರಗೆ ಬೇವಿನ ಮರದಡಿ ಕರೆದೊಯ್ದ.

"ಗಾಡಿ ಎಲ್ಲಿತ್ತು ಮಾದಯ್ಯ?"

"ನನ್ ತಾವ ಸಾ." ಮಾದಯ್ಯ ನೆಲ ನೋಡುತ್ತ ಹೇಳಿದ. "ಬಿಪಿ ಮಾತ್ರೆ ಮುಗ್ದಿದ್ದೊ. ತಲೆ ಸುತ್ತು ಅಂದೆ. ಅದ್ಕೆ ಪಾಷಾ ಅವ್ರು, ಇವತ್ತು ಒಸ ಪ್ಲೇಟು ಬಂದದೆ, ಇದ್ನ ಮುಗಿಸ್ದೆ ನಾನು ಮಸೀದಿಗ್ ಓಗಲ್ಲ, ಗಾಡಿ ತಗಂಡು ಮದ್ದೂರಿಗ್ ಓಗಿ ಬಾಪ್ಪ ಮಾದಣ್ಣ ಅಂದ್ರು. ಅನ್ನೆರಡೂವರೆಗೆ ಓದೆ. ಬರಾಗ ಗೇಟಲ್ಲಿ ಆಂಬುಲೆನ್ಸು."

"ಇದನ್ನ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ. ಗೇಟು ಬುಟ್ಟು ಓಗಿದ್ದೆ ಅಂದ್ರೆ ಕೆಲ್ಸ ಓಯ್ತದೆ ಅಂತ ನಾನೂ ಬಾಯ್ ಬುಡ್ಲಿಲ್ಲ. ಆ ಗಾಡಿ ಇಲ್ಲೇ ನಿಂತಿದ್ರೆ ಆ ಉಡ್ಗ ಮಿಷನ್ ಎತ್ತಿರ್ತಿರ್ಲಿಲ್ಲ ಸಾ." ಅವನು ಹೆಗಲ ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡ. ತನ್ನ ಕೈಯಲ್ಲಿರುವುದೂ ಟವೆಲೇ ಎಂದು ಕಂಡು ಅದನ್ನು ಹೆಗಲಿನಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡ.

ಮ್ಯಾನೇಜರ್ ಜಯಪ್ರಕಾಶ್ ತನ್ನ ಕೋಣೆಯಲ್ಲಿ ಕಾಗದ ಜೋಡಿಸಿ ಇಟ್ಟುಕೊಂಡು ಕಾದಿದ್ದ.

"ಸ್ವರೂಪನ ಮೊಬೈಲಿನಲ್ಲಿದೆ, ಶುಕ್ರವಾರ 1.11ಕ್ಕೆ ಅವನಿಗೆ ಫೋನು ಮಾಡಿದ್ದೀರಿ. ಏನು ಮಾತು?"

"ಬಲೂನು ತುಂಬಿತ್ತು. ಇನ್ನರ್ಧ ಗಂಟೆ ಬಿಟ್ಟಿದ್ರೆ ಗ್ಯಾಸನ್ನ ಸುಟ್ಟು ಬಿಡ್ಬೇಕಾಗೋದು. ಮಿಷನ್ ರೆಡಿ ಆಯ್ತಾ ಅಂತ ಕೇಳ್ದೆ."

"ಅವನು?"

"ಸರಿಯಾಗಿ ನೆನಪಿಲ್ಲ ಸಾರ್."

"ನೆನಪು ಮಾಡ್ಕೊಳ್ಳಿ. ಅವನನ್ನೂ ಕೇಳ್ತೀವಿ."

ಜಯಪ್ರಕಾಶ್ ಕಾಗದಗಳ ಅಂಚನ್ನು ಮತ್ತೊಮ್ಮೆ ಸರಿಮಾಡಿದ. ನೆನಪಾಗಲಿಲ್ಲ.

ಸಂಜೆ 4.50ಕ್ಕೆ ಠಾಣೆಯಲ್ಲಿ ರವಿಚಂದ್ರ ಸ್ವರೂಪನ ಎದುರು ಟವೆಲ್ ಹರಡಿದ. ಪಕ್ಕದಲ್ಲಿ ಹ್ಯಾಂಡಲಿನ ಫೋಟೊ ಇಟ್ಟ. ಸ್ವರೂಪ್ ಕೆಂಪು ಪಟ್ಟಿಯನ್ನೇ ನೋಡಿದ. ಹೊರಗೆ ಮಳವಳ್ಳಿ ಬಸ್ಸೊಂದು ಹಾರನ್ನು ಹೊಡೆದು ಹೋಯಿತು.

"ಕಟ್ಟಿದ್ರು ಸಾ," ಎಂದ ಕೊನೆಗೆ.

ತಿಮ್ಮಯ್ಯ ಪೆನ್ನು ತೆಗೆದ.

"ಮ್ಯಾನೇಜ್ರು ಫೋನ್ ಮಾಡುದ್ರು. ಟವೆಲ್ ಕಟ್ಟವ್ರೆ ಸಾರ್ ಅಂದೆ. ಪಾಷಾ ಎಲ್ಲವ್ನೆ ಅಂದ್ರು. ಗಾಡಿ ಇಲ್ಲ, ನಮಾಜಿಗ್ ಓಗಿರ್ಬೇಕು ಅಂದೆ. ಕೆಲ್ಸ ಮುಗ್ಸಿ ಮರ್ತು ಓಗವ್ನೆ, ಅದೇನ್ ಬೀಗನಾ, ಬಟ್ಟೆ ತಾನೆ, ತೆಗ್ದಾಕು ಅಂದ್ರು."

"ತೆಗೆದೆ."

"ಕೈಗೆ ಬಣ್ಣ ಅತ್ತುತು. ಕಿಟಕಿಲಿ ನೋಡ್ದೆ, ಯಾರೂ ಕಾಣ್ಲಿಲ್ಲ. ಒಂದ್ಸತಿ ಕೂಗಿದ್ರೆ ಆಗೋದು. ಕೂಗ್ಲಿಲ್ಲ." ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅವ್ರು ಇಂದ್ಗಡೆ ಫ್ಲೈವೀಲು ಕೈಲಿ ತಿರುಗಿಸ್ತಾ ಇದ್ರು. ಸದ್ದು ಬ್ಯಾರೆ ಆಯ್ತು. ತಕ್ಷಣ ಬಂದ್ ಮಾಡ್ದೆ ಸಾ. ತಕ್ಷಣ."

"ಒಂಬತ್ತು ಸೆಕೆಂಡು."

"ಅಷ್ಟೇನಾ," ಎಂದ ಸ್ವರೂಪ್. ಅವನಿಗೆ ಅದು ಬಹಳ ಹೊತ್ತು ಅನ್ನಿಸಿತ್ತೆಂದು ಕಾಣುತ್ತದೆ.

"ಟವೆಲ್ ಚೀಲಕ್ಕೆ ಯಾವಾಗ ಹಾಕಿದೆ?"

"ಆಂಬುಲೆನ್ಸಿಗೆ ಫೋನ್ ಮಾಡ್ದೆ. ಆಗ್ಲೂ ಟವೆಲ್ ನನ್ ಕೈಲೇ ಇತ್ತು. ಎಲ್ಲಿಡದು ಗೊತ್ತಾಗ್ಲಿಲ್ಲ. ಅವರ್ ಚೀಲ ಬಿಚ್ದೆ. ಮೇಲೇ ಟೋಪಿ ಇತ್ತು ಸಾ." ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. "ಟೋಪಿ ಬುಟ್ಟು ಯಾರಾದ್ರೂ ನಮಾಜಿಗ್ ಓಯ್ತಾರಾ. ಮೊದ್ಲೇ ಆ ಚೀಲ ನೋಡಿದ್ರೆ ಆಗೋದು."

ಆ ಚೀಲ ಮೊದಲೇ ನೋಡದಿದ್ದವನು ಸ್ವರೂಪನೊಬ್ಬನೇ ಅಲ್ಲ ಎಂಬುದು ರವಿಚಂದ್ರನಿಗೆ ಗೊತ್ತಿತ್ತು.

"ಕೆಲಸ ಹೋಗುತ್ತೆ, ಜೈಲಾಗುತ್ತೆ ಅಂತ ಸುಳ್ಳು ಹೇಳಿದೆಯಾ?"

ಸ್ವರೂಪ್ ಇಲ್ಲವೆಂದು ತಲೆಯಾಡಿಸಿದ. "ಮೂರ್ ವರ್ಸ ಅವರ್ ಮನೇಲೇ ಮಧ್ಯಾನ್ದೂಟ ಕಟ್ಟಿ ಕಳಿಸೋರು ಸಾ, ನಂಗೂ ಸೇರ್ಸಿ. ಶವಾಗಾರದ್ ತಾವ ಅಮ್ಮ ನನ್ ಕೈ ಇಡ್ಕಂಡು, ಟವೆಲ್ ಕಟ್ಟಿದ್ರಾ ಮಗ ಅಂದ್ರು. ಕಟ್ಟಿದ್ರು ಅಂದ್ರೆ, ಯಾರ್ ಬಿಚ್ಚಿದ್ರು ಅಂತ ಕೇಳ್ತಾರೆ. ಇಲ್ಲ ಅಂದ್ಬುಟ್ಟೆ. ಆಮೇಕೆ ನೀವು ಕೇಳುದ್ರಿ. ಆಮೇಕೆ ಎಲ್ರೂ ಬರ್ಕಂಡ್ರು."

6.05ಕ್ಕೆ ಸ್ವರೂಪನ ದಸ್ತಗಿರಿ ದಾಖಲಾಯಿತು. ಊರಿಗೆ ಫೋನು ಮಾಡಿ ಅವನ ಅಣ್ಣನಿಗೆ ತಿಳಿಸಿದರು. ಎರಡನೇ ಆರೋಪಿ ಜಯಪ್ರಕಾಶನನ್ನು ಕರೆತರಲು ಜೀಪು ಹೋಯಿತು.

ವಿಷಯ ತಿಳಿಸಲು ಕಾನ್‌ಸ್ಟೇಬಲನ್ನು ಕಳಿಸಬಹುದಿತ್ತು. ರವಿಚಂದ್ರ ತಾನೇ ನಡೆದು ಹೋದ. ಮಸೀದಿಯ ಬಾಂಗು ಮುಗಿದು ಬೀದಿ ನಿಶ್ಶಬ್ದವಾಗಿತ್ತು. ಮನೆಮನೆಯಲ್ಲೂ ರೋಜಾ ಬಿಡುವ ಹೊತ್ತು. ಬಾಗಿಲ ಪರದೆಯ ಆಚೆ ಮಹಬೂಬ್ ಬೀ ಬಂದು ನಿಂತದ್ದು ಬಳೆಯಿಲ್ಲದ ಕೈ ಪರದೆಯ ಅಂಚು ಹಿಡಿದದ್ದರಿಂದ ಗೊತ್ತಾಯಿತು.

"ಪಾಷಾ ಅವರು ಟವೆಲ್ ಕಟ್ಟಿದ್ದರು ಅಮ್ಮ. ಬಿಚ್ಚಿದವನು ಸ್ವರೂಪ್. ಒಪ್ಪಿಕೊಂಡ."

ಹೊಸ್ತಿಲ ಪಕ್ಕದ ಗೂಡಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇತ್ತು, ಸಿಪ್ಪೆ ಕಪ್ಪಾಗತೊಡಗಿತ್ತು.

"ದಿನಾ ಸಂಜೆ ಅವ್ನೇ ಬಾಳೆಅಣ್ಣು ತಂದಿಟ್ಟು ಓಯ್ತಿದ್ದ," ಎಂದರು ಆಕೆ. "ಒಂದಿನಾನೂ ಅಮ್ಮ ಅಂತ ಕರೀಲಿಲ್ಲ. ನಾನು ಇದ್ದತ್ತಲ್ಲಿವ್ನಿ, ಅದ್ಕೇ ಮರ್ಯಾದೆ ಕೊಟ್ಟು ದೂರ ನಿಂತವ್ನೆ ಅನ್ಕಂಡೆ."

ರವಿಚಂದ್ರ ತನ್ನ ಪೊಲೀಸ್ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಉಂಡವ್ನಾ ಅವ್ನು?"

"ಇಲ್ಲ. ಬೇಡ ಅಂದ."

ಪರದೆ ಅಲುಗಲಿಲ್ಲ. "ನೀವು ಕಾಗ್ದದಲ್ಲಿ ಏನು ಬರೀತೀರಿ?"

"ಇದ್ದದ್ದನ್ನ."

"ಬರೀರಿ," ಎಂದು ಆಕೆ ಒಳಗೆ ಹೋದರು.

7.30ಕ್ಕೆ ಅವನು ಕೇಸ್ ಡೈರಿ ತೆರೆದ. ಆರೋಪಿ ದುರುದ್ದೇಶದಿಂದಲ್ಲ, ಮೇಲಿನವರ ಅವಸರಕ್ಕೆ ಮಣಿದು, ತಪ್ಪು ಊಹೆಯಿಂದ ಮಿಷನ್ ಚಾಲು ಮಾಡಿದ. ತನಗೆ ಅನ್ನವಿಟ್ಟ ಹೆಂಗಸಿನ ಮುಖ ನೋಡಲಾರದೆ ಸತ್ತವರ ಮೇಲೆ ತಪ್ಪು ಹೊರಿಸಿದ ಎಂದು ಬರೆದ. ಅದರ ಕೆಳಗೆ, ಮಾರ್ಚ್ 7ರಂದು ಮೃತರ ಚೀಲವನ್ನು ತೆರೆದು ಪರಿಶೀಲಿಸದೆ ಹಿಂತಿರುಗಿಸಿದ್ದು ತನಿಖಾಧಿಕಾರಿಯ ಲೋಪ ಎಂದು ಸೇರಿಸಿದ.

ಹೆಗಲ ಮೇಲಿಂದ ಓದಿದ ತಿಮ್ಮಯ್ಯ ಕೇಳಿದ, "ಇದ್ಯಾಕ್ ಸಾ? ಯಾರೂ ಕೇಳಿಲ್ವಲ್ಲ."

ರವಿಚಂದ್ರ ಶುಕ್ರವಾರದ ಪಂಚನಾಮೆಯ ಪ್ರತಿಯನ್ನು ಹತ್ತಿರಕ್ಕೆ ಎಳೆದುಕೊಂಡ. 'ಮೃತರು ಟವೆಲ್ ಕಟ್ಟಿರಲಿಲ್ಲ' ಎಂಬ ಸಾಲು ಅವನದೇ ದುಂಡಗಿನ ಅಕ್ಷರದಲ್ಲಿತ್ತು. ಸಹಿಯಾದ ಪಂಚನಾಮೆಯನ್ನು ತಿದ್ದುವಂತಿಲ್ಲ. ಡೈರಿಯಲ್ಲಿ ಹೊಸ ಸಾಲು ಹಿಡಿದು, ದಿನಾಂಕ, ಸಮಯ ನಮೂದಿಸಿ, ನಿಧಾನವಾಗಿ ಬರೆದ:

'ಮೃತ ಅಫ್ಸರ್ ಪಾಷಾ ಅವರು ಟವೆಲ್ ಕಟ್ಟಿದ್ದರು.'