ಬಲಗೈಗೆ ಕಟ್ಟಿದ ಪಟ್ಟಿ

“ನೋವು ಬ್ಯಾನಿ ಅಂತ ಬಂದವರಿಗೆ ಸುಳ್ಳ ಹೇಳ್ತಿ ಅನ್ನಬ್ಯಾಡ, ಮಗಳ,” ಎಂದು ಅವ್ವ ಕೇಳಿಕೊಂಡಿದ್ದಳು. ಮೆಡಿಕಲ್ ಕಾಲೇಜಿಗೆ ಹೊರಟು ನಿಂತಿದ್ದ ಮಹಾನಂದಾ, “ಅನ್ನಂಗಿಲ್ಲವ್ವ,” ಎಂದು ಮಾತು ಕೊಟ್ಟಿದ್ದಳು. ಗಣಿಯಲ್ಲಿ ಬೆನ್ನು ಮುರಿದುಕೊಂಡ ಅಣ್ಣನಿಗೆ ಒಬ್ಬ ಡಾಕ್ಟರ್ ಕೇಳಿದಷ್ಟು ನೋವಿನ ಮಾತ್ರೆ ಬರೆದಿದ್ದ; ಚಟ ಹತ್ತಿದ ಮೇಲೆ ಇನ್ನೊಬ್ಬ, ನಾಟಕ ಸಾಕು ಎಂದು ಹೊರಗೆ ಕಳಿಸಿದ್ದ. ಅಣ್ಣ ಉಳಿಯಲಿಲ್ಲ.

ಅದಾಗಿ ಮೂರು ದಶಕ. ಈಗ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯೂರೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವಳ ಮೇಜಿನ ಮೇಲೆ ‘ಸಹವೇದಿ’ ಯಂತ್ರ ಇರುತ್ತಿತ್ತು. ಬಟ್ಟೆಯಷ್ಟು ತೆಳ್ಳಗಿನ ಎರಡು ಪಟ್ಟಿ; ಒಂದು ರೋಗಿಯ ಮಣಿಕಟ್ಟಿಗೆ, ಇನ್ನೊಂದು ವೈದ್ಯರದಕ್ಕೆ. ಮೈಯಲ್ಲಿ ಎಲ್ಲಿ ನೋವಿದ್ದರೂ ನರಗಳೆಲ್ಲ ಬಿಗಿಯುತ್ತವೆ. ಆ ಬಿಗಿತದ ಸಣ್ಣ ವಿದ್ಯುತ್ತನ್ನು ಒಂದು ಪಟ್ಟಿ ಹಿಡಿದು, ಇನ್ನೊಂದರ ಮೂಲಕ ವೈದ್ಯರ ಮೈಗೆ ದಾಟಿಸುತ್ತಿತ್ತು.

ಅದನ್ನು ಮಾಡಿದ ವಿಜ್ಞಾನಿ ರುಕಿಯಾ, ವೈದ್ಯರ ವಾರ್ಷಿಕ ಮರುತರಬೇತಿಗೆಂದೇ ಮಾಡಿದ್ದರು. ಕಲಬುರಗಿಯ ತರಬೇತಿಯಲ್ಲಿ ಮಾತ್ರೆ ಬಿಡುವವನ ಸಂಕಟವನ್ನು ಪಟ್ಟಿಯಲ್ಲಿ ದಾಖಲಿಸಿ ತಂದಿದ್ದರು. ಅದನ್ನು ಕಟ್ಟಿಕೊಂಡ ಮಹಾನಂದಾ ಕುರ್ಚಿಯಿಂದ ಕೆಳಗಿಳಿದು ಗೋಡೆಗೆ ಒರಗಿ ಅತ್ತಿದ್ದಳು. ಅಣ್ಣನಿಗೆ ಏನಾಗಿತ್ತೆಂದು ಅವಳ ಮೈಗೆ ಗೊತ್ತಾದದ್ದು ಅಂದೇ. ಆಮೇಲೆ ಇಲಾಖೆ ಅದನ್ನು ತಪಾಸಣೆಗೂ ತಂದಿತು: ಪಟ್ಟಿ ಮಿಡಿಯದಿದ್ದರೆ ಅದು ನೋವಲ್ಲ, ಚಟ, ಮಾರ್ಫಿನ್ ನಿಲ್ಲಿಸಿ ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಬೇಕು.

ಸಾಯಬಣ್ಣ ಬಂದದ್ದು ಸಂತೆಯ ದಿನ. ಕಲ್ಲು ಕೊರೆಯುವ ಯಂತ್ರ ಹಿಡಿದೇ ಪ್ರಾಯ ಕಳೆದವನು. ಸೊಂಟದ ಮೇಲೆ ಚಪ್ಪಡಿ ಬಿದ್ದ ಮೇಲೆ ಮಾರ್ಫಿನ್ ಮಾತ್ರೆಯ ಮೇಲೆಯೇ ನಡೆದಾಡುತ್ತಿದ್ದ. ಮಹಾನಂದಾ ಅವನ ಬಲಗೈ ಎಳೆದುಕೊಂಡಳು. ತರಬೇತಿಯಲ್ಲಿ ಬಲಗೈಗೇ ಕಟ್ಟಲು ಕಲಿಸಿದ್ದರು.

“ಜೋರ್ ಬಿಗೀರಿ ಅಕ್ಕಾರ. ಈ ಕೈಗಿ ಬಿಸಿ ಚಾ ಚೆಲ್ಲಿದ್ರೂ ತಿಳಿಯಂಗಿಲ್ಲ.”

“ನಾ ಚಿವುಟಿದ್ರೂ ತಿಳಿಯಂಗಿಲ್ಲ,” ಎಂದಳು ಹೆಂಡತಿ ತಿಪ್ಪವ್ವ.

“ನೀ ಚಿವುಟೂದು ಬಿಟ್ಟು ಎಷ್ಟು ವರ್ಷಾತು!”

ಮಹಾನಂದಾ ನಕ್ಕು, ಇನ್ನೊಂದು ಪಟ್ಟಿ ತನಗೆ ಕಟ್ಟಿಕೊಂಡು ಗುಂಡಿ ಒತ್ತಿದಳು. ಅವಳ ಮೈಗೆ ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಹೊರಗೆ ಸರದಿ ಅಂಗಳದ ತನಕ ಬೆಳೆದಿತ್ತು.

“ಸಾಯಬಣ್ಣ, ನಿನಗ ನೋವಿಲ್ಲ. ಮಾತ್ರೆ ಬೇಕನಸ್ತದ, ಅಷ್ಟ.”

“ಏನಂತೀರಿ? ರಾತ್ರಿ ಮಗ್ಗಲಾ ಹೊಳ್ಳಾಕ ಆಗಂಗಿಲ್ಲರಿ ನನಗ.”

“ಸುಳ್ಳ ಹೇಳಬ್ಯಾಡ. ಯಂತ್ರ ಹೇಳ್ತದ. ಚಟ ಬಿಡಿಸೋ ಕೇಂದ್ರಕ್ಕ ಚೀಟಿ ಕೊಡ್ತೀನಿ, ಹೋಗು.”

ಅವನು ತಿಪ್ಪವ್ವನ ಹೆಗಲು ಹಿಡಿದು ಎದ್ದ.

ಸಾಯಬಣ್ಣ ಆ ಕೇಂದ್ರಕ್ಕೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಯಾರೋ ಮಾರುತ್ತಿದ್ದ ನಕಲಿ ಗುಳಿಗೆ ತಂದು ನುಂಗಿದ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

ಸಾವಿನ ಸುದ್ದಿ ಕೇಳಿ ರುಕಿಯಾ ತಾವೇ ಬಂದರು, ಒಂದು ಪಟ್ಟಿಯನ್ನು ಮಹಾನಂದಾಳ ಕೈಗೆ ಕಟ್ಟಿದರು. ಸರದಿಯಲ್ಲಿ ಕಾಲು ಬಾತು ಕೂತಿದ್ದ ಇನ್ನೊಬ್ಬ ಗಣಿ ಕೆಲಸಗಾರನ ಬಲಗೈಗೆ ಇನ್ನೊಂದು ಕಟ್ಟಿದರು, ಮೌನ. ಎಡಗೈಗೆ ಕಟ್ಟಿದರು, ಮೌನ. ಚೆನ್ನಾಗಿದ್ದ ಇನ್ನೊಂದು ಕಾಲಿನ ಹರಡಿಗೆ ಕಟ್ಟಿದ ಕೂಡಲೇ ಮಹಾನಂದಾ ಚೀರಿ ಮೇಜು ಹಿಡಿದುಕೊಂಡಳು.

“ವರ್ಷಗಟ್ಟಲೆ ಕೊರೆಯೋ ಯಂತ್ರದ ನಡುಕಕ್ಕೆ ಕೈಯ ನರ ಸತ್ತಿದಾವೆ,” ರುಕಿಯಾ ನಿಧಾನಕ್ಕೆ ಹೇಳಿದರು. “ನಾವು ಪರೀಕ್ಷೆ ಮಾಡಿದ್ದೆಲ್ಲ ಪಟ್ಟಣದ ಆಸ್ಪತ್ರೆಯವರ ಕೈಮೇಲೆ. ಕಲ್ಲು ಕೊರೆಯೋ ಕೈ ಒಂದೂ ಇರಲಿಲ್ಲ. ಡಾಕ್ಟರುಗಳು ರೋಗಿಯನ್ನ ನಂಬಲಿ ಅಂತ ನಾನಿದನ್ನ ಮಾಡಿದೆ, ಮಹಾನಂದಾ.”

“ಅವ ಹೇಳಿದ್ದ. ಕೈಗೆ ತಿಳಿಯಂಗಿಲ್ಲ ಅಂತ. ನಾ ನಕ್ಕೆ.”

ಸಂಜೆ ಅವಳು ತಿಪ್ಪವ್ವನ ಮನೆಗೆ ಹೋದಳು. ಕಟ್ಟೆಯ ಮೇಲೆ ಕೂತಿದ್ದ ತಿಪ್ಪವ್ವ ಎದ್ದು ನಿಲ್ಲಲಿಲ್ಲ, ಬೈಯಲೂ ಇಲ್ಲ.

“ಯಂತ್ರದ ಮಾತು ಬಿಡ್ರಿ ಅಕ್ಕಾರ. ಅವತ್ತ ಅವ ಕುರ್ಚಿಯಿಂದ ಏಳುವಾಗ ಅವನ ಮಾರಿ ನೋಡಿದ್ರೇನು?”

ಮಹಾನಂದಾ ಇಲ್ಲ ಎಂದಳು.

ಅವ್ವನಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.