ಯಾರೂ ಕರೆಯದ ನೋಟ್‌ಬುರ್ಗಾ

ಒಂದಾನೊಂದು ಕಾಲದಲ್ಲಿ ಅಂತ ಅಜ್ಜಿ ಕಥೆ ಶುರುಮಾಡುತ್ತಿದ್ದಳು. ಇದು ಮಾತ್ರ ಹೋದ ಚಳಿಗಾಲ ನಮ್ಮ ಬವೇರಿಯಾದ ಹಳ್ಳಿಯಲ್ಲೇ ನಡೆದದ್ದು. ಅಜ್ಜಿಯ ತಂಗಿ, ಚರ್ಚಿನಲ್ಲಿ ಹೆಸರಿಡುವ ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡಿದ್ದಳಂತೆ. ಅವಳಿಗೆಂದು ತೆಗೆದಿಟ್ಟಿದ್ದ ಹೆಸರು ನೋಟ್‌ಬುರ್ಗಾ, ಅಂದರೆ ಕಷ್ಟಕ್ಕೊಂದು ಕೋಟೆ. ಮನೆಯಲ್ಲಿ ಮುಂದೆ ಹುಟ್ಟುವ ಹೆಣ್ಣುಮಗುವಿಗೆ ಅದನ್ನೇ ಇಡಿಸುತ್ತೇನೆಂದು ಅಜ್ಜಿಯ ಕೊನೆಗಾಲದಲ್ಲಿ ಮಾತು ಕೊಟ್ಟಿದ್ದೆ.

"ಆ ಮುದುಕಿಯರ ಹೆಸರಾ? ಶಾಲೇಲಿ ಮಕ್ಕಳು ಆಡಿಕೊಂಡು ನಗ್ತಾರೆ ಕಣೇ! ನನ್ನ ಮಗಳು ಲೀನಾ," ಅಂದಳು ಆಗಷ್ಟೇ ಹೆತ್ತಿದ್ದ ಅಕ್ಕ ರೋಸ್ವಿತಾ.

ಅವಳು ಲೀನಾ ಎಂದಾಗಲೆಲ್ಲ ಖಾಲಿ ತೊಟ್ಟಿಲು ತಾನಾಗಿ ತೂಗುತ್ತಿತ್ತು, ಮಗು ಅವಳ ತೋಳಲ್ಲೇ ತಣ್ಣಗಾಗುತ್ತಿತ್ತು. ಮೂರನೇ ಸಲ ಅಕ್ಕ ಸೋತಳು: "ನಿನ್ನಿಷ್ಟ, ಮಾರಾಯ್ತಿ."

ಭಾನುವಾರ ಚರ್ಚಿನಲ್ಲಿ ಪಾದ್ರಿ ಮಗುವಿನ ಹೆಸರು ಕೇಳಿದರು. ಹೇಳಬೇಕಾದ ಧರ್ಮತಾಯಿ ನಾನೇ.

"ನೋಟ್‌ಬುರ್ಗಾ," ಅಂದೆ.

ಮಗು ನಿದ್ದೆಯಲ್ಲಿತ್ತು. ನನ್ನ ಹಿಂದಿನ ಖಾಲಿ ಬೆಂಚಿನಿಂದ ಪುಟ್ಟ ಹುಡುಗಿಯ ದನಿಯೊಂದು "ಓ" ಅಂದಿತು.