ಎಡ ಚಕ್ರದ ಮುಚ್ಚಳ

ಎಡಗಡೆಯ ಮುಂದಿನ ಚಕ್ರಕ್ಕೆ ಮುಚ್ಚಳವಿರಲಿಲ್ಲ!

ಬೆಳಗ್ಗೆ ಎಂಟಕ್ಕೆ ಜೀಪು ತೊಳೆಯಲು ಹೋದ ಅಪ್ಪ ಬಕೆಟನ್ನು ಅಲ್ಲೇ ಬಿಟ್ಟು ಒಳಗೆ ಬಂದರು. ಹನ್ನೊಂದಕ್ಕೆ ಜೀಪು ಕೊಳ್ಳುವವನು ಬರುವವನಿದ್ದ.

ಹಳೆಯ ಫೋರ್ ವೀಲ್ ಜೀಪು ಅದು. ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಒಂದು ಹಬ್. ಹಬ್‌ನ ಮುಚ್ಚಳದಲ್ಲಿ ಕೈಯಿಂದ ತಿರುಗಿಸುವ ನಾಬ್. ಕೆಸರು ಬಂದಾಗ ಇಳಿದು, ಎರಡನ್ನೂ ‘ಲಾಕ್’ಗೆ ತಿರುಗಿಸಿದರೆ ಮುಂದಿನ ಚಕ್ರಗಳೂ ಎಳೆಯುತ್ತವೆ. ಒಳ್ಳೆಯ ರಸ್ತೆ ಸಿಕ್ಕಾಗ ಮತ್ತೆ ಇಳಿದು ‘ಫ್ರೀ’ ಮಾಡಬೇಕು. ಒಂದು ಕಡೆಯದು ಹೋಯಿತೆಂದರೆ ಇನ್ನೊಂದು ಇದ್ದೂ ಇಲ್ಲದ ಹಾಗೆ.

“ಬಾರಮ್ಮ ಪತ್ತೇದಾರಿ,” ಅಂದರು ಅಪ್ಪ. “ಕಂಡವರ ಗಾಡಿಯೆಲ್ಲ ನೋಡ್ತೀಯ, ಮನೇದೂ ನೋಡು.”

ಮಗಳದು ವಿಮಾ ಕಂಪನಿಯಲ್ಲಿ ಕೆಲಸ. ಜಖಂ ಆದ ಗಾಡಿಗಳನ್ನು ನೋಡಿ, ಯಾರ ಮಾತು ನಿಜ, ಯಾರದು ಬುರುಡೆ ಎಂದು ಬರೆದುಕೊಡುವುದು. ಅವಳು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಆರು ತಿರುಪುಗಳನ್ನು ಬಿಚ್ಚಿದವರು ಅವನ್ನು ಮತ್ತೆ ಅವುಗಳ ತೂತಿನಲ್ಲೇ ಬೆರಳಿನಿಂದ ಕೂರಿಸಿದ್ದರು. ಒಂದರ ತಲೆಯೂ ತರಚಿರಲಿಲ್ಲ. ತೆರೆದ ಜಾಗಕ್ಕೆ ದೂಳು ಹೋಗದಂತೆ ಬಟ್ಟೆಯ ತುಂಡೊಂದನ್ನು ಬಿಗಿದು ಕಟ್ಟಿದ್ದರು. ಇದೆಂಥ ಕಳ್ಳ? ಗಾಯವನ್ನೂ ಮಾಡಿ, ಪಟ್ಟಿಯನ್ನೂ ಕಟ್ಟಿ ಹೋದವನು?

ಬಲ ಚಕ್ರದ ನಾಬ್ ಮುಟ್ಟಿದಳು. ಬೆರಳಿಗೆ ನೀರಿನಂಥ ತೆಳು ಎಣ್ಣೆ ಅಂಟಿತು. ಒರೆಸಿಕೊಂಡು ಎದ್ದಳು.

ಮೊದಲ ಅನುಮಾನ ತಮ್ಮನ ಮೇಲೆ. ಜೀಪು ಮಾರಬೇಡಿ ಎಂದು ಊಟದ ತಟ್ಟೆ ಬಿಟ್ಟು ಎದ್ದವನು ಅವನೇ.

“ನಂಗೆ ಜೀಪು ಬೇಕು, ಆ ದರಿದ್ರ ಹಬ್ ಬೇಡ,” ಅಂದ ಅವನು. “ಮೊಣಕಾಲುದ್ದ ಕೆಸರಲ್ಲಿ ಯಾರಕ್ಕಾ ಇಳೀತಾರೆ? ನಾನಾಗಿದ್ರೆ ಎರಡನ್ನೂ ಕಿತ್ತು ಫಿಕ್ಸೆಡ್ ಪ್ಲೇಟ್ ಹಾಕಿಸ್ತಿದ್ದೆ. ಯಾವಾಗ್ಲೂ ಲಾಕ್ ಆಗೇ ಇರತ್ತೆ, ಯಾರೂ ಇಳಿಯೋದೇ ಬೇಡ. ಒಂದನ್ನೇ ಯಾಕೆ ಕದೀಲಿ?”

ಹಿಂದೊಮ್ಮೆ ಅವನು ಇಕ್ಕಳದಿಂದ ತಿರುಗಿಸಿದ ಗುರುತು ಬಲಗಡೆಯ ನಾಬ್ ಮೇಲೆ ಇನ್ನೂ ಇತ್ತು. ಈ ನಾಜೂಕು ಅವನ ಕೈಯದಲ್ಲ.

ಬೀದಿ ಕೊನೆಯ ಗ್ಯಾರೇಜಿನ ಮೆಕ್ಯಾನಿಕ್ ಮೊದಲು ಮುನಿಸಿಕೊಂಡ, ಆಮೇಲೆ ಪಾಠಕ್ಕೆ ಶುರುವಿಟ್ಟ. ಹಬ್ ಫ್ರೀ ಇದ್ದರೆ ಮುಂದಿನ ಆಕ್ಸಲ್‌ಗೆ ಬಿಡುವು, ಸ್ಟಿಯರಿಂಗ್ ಹಗುರ, ಸದ್ದು ಕಡಿಮೆ, ಡೀಸೆಲ್ಲೂ ತುಸು ಉಳಿತಾಯ. ಹಾಗಂತ ಯಾವಾಗಲೂ ಫ್ರೀ ಬಿಟ್ಟರೆ ಎಣ್ಣೆ ತಳದಲ್ಲೇ ನಿಂತು ಮೇಲಿನ ಭಾಗಗಳು ಒಣಗುತ್ತವೆ. ತಿಂಗಳಿಗೊಮ್ಮೆ ಲಾಕ್ ಮಾಡಿ ಓಡಿಸಬೇಕು.

“ಮನುಷ್ಯರ ಹಾಗೇ ಮೇಡಂ. ವಿಶ್ರಾಂತಿ ಜಾಸ್ತಿ ಆದ್ರೆ ಕೀಲು ಹಿಡ್ಕೊಳ್ಳತ್ತೆ. ಇಳಿಯೋ ತಾಪತ್ರಯ ಬೇಡ, ಪ್ಲೇಟ್ ಹಾಕ್ಸಿ ಅಂತ ಡಾಕ್ಟರಿಗೆ, ನಿಮ್ಮ ತಂದೆಯವರಿಗೇ, ಎರಡು ಸಲ ಹೇಳಿದ್ದೆ. ಕೇಳಲೇ ಇಲ್ಲ.”

“ನಾಬ್‌ಗೆ ಯಾವ ಎಣ್ಣೆ ಹಾಕ್ತೀರಿ?”

“ನಾಬ್‌ಗೆ ಎಣ್ಣೆ ಎಲ್ಲಿಂದ ಬಂತು? ಅಲ್ಲಿಗೆ ನಾವು ಹಾಕೋದು ಗ್ರೀಸು.”

ಅವಳು ತನ್ನ ಬೆರಳನ್ನೇ ನೋಡಿಕೊಂಡಳು. ಬಿರಬಿರನೆ ಮನೆಗೆ ನಡೆದಳು.

“ಅಪ್ಪ, ಬಲಗಡೆ ನಾಬ್ ತಿರುಗಿಸಿ ನೋಡೋಣ.”

ದನದ ಡಾಕ್ಟರಾಗಿ ಮೂವತ್ತು ವರ್ಷ ಆ ಜೀಪಿನಲ್ಲಿ ಗುಡ್ಡ ಹತ್ತಿದವರು ಅಪ್ಪ. ನಿವೃತ್ತಿಯಾದ ಮೇಲಷ್ಟೇ ಅದು ನಿಂತಿತ್ತು. ಬಗ್ಗಿ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ನಾಬ್ ಜಗ್ಗಲಿಲ್ಲ.

“ಓಡಿಸ್ತಿದ್ದವನು ನಾನು,” ಅಂದರು ಪೆಚ್ಚಾಗಿ. “ಇಳೀತಿದ್ದವಳು…”

ಅಷ್ಟು ಸಾಕಾಗಿತ್ತು.

ಒಳಕೋಣೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

“ಅದು ಮಷೀನ್ ಎಣ್ಣೆ,” ಅಂದಳು ಮಗಳು. “ಕಟ್ಟಿದ್ದು ಲೈನಿಂಗ್ ಬಟ್ಟೆ. ಬಿಚ್ಚಿದ್ದು ಈ ಡ್ರಾಯರಿನ ಸಣ್ಣ ಸ್ಕ್ರೂಡ್ರೈವರ್‌ನಲ್ಲಿ. ಯಾಕಮ್ಮ?”

“ಮುಚ್ಚಳ ದಾರದ ಡಬ್ಬಿಯ ಕೆಳಗಿದೆ, ತಗೋ.” ಅಮ್ಮ ಹೊಲಿಗೆ ನಿಲ್ಲಿಸಲಿಲ್ಲ. “ನಿಮ್ಮಜ್ಜಿ ನನ್ನನ್ನ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ. ಹಬ್ ತಿರುಗಿಸೋಕೆ ಒಬ್ರು ಬೇಕು ಅಂತ ನಿಮ್ಮಪ್ಪ ಕರ್ಕೊಂಡು ಹೋಗ್ತಿದ್ರು. ನಾನು ಕಂಡ ಹೊಳೆ, ಗುಡ್ಡ, ಜನ, ಎಲ್ಲ ಆ ನಾಬ್ ತಿರುಗಿಸಿ ಕಂಡಿದ್ದು. ಮಾರ್ಲಿ ಬಿಡು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಇದೊಂದಾದ್ರೂ ನನ್ನ ಹತ್ರ ಉಳೀಲಿ ಅಂತ ತೆಗೆದೆ.”

ಮಗಳಿಗೆ ನೆನಪಾದದ್ದು ಅಮ್ಮನ ಸೀರೆಯಂಚಿನ ಕೆಸರು. ಚಿಕ್ಕವಳಾಗಿದ್ದಾಗಿನಿಂದ ಅದನ್ನವಳು ಅಮ್ಮ ಪಟ್ಟ ಕಷ್ಟಗಳ ಸಾಲಿಗೇ ಸೇರಿಸಿದ್ದಳು. ಊರಿನ ಗಾಡಿಗಳನ್ನೆಲ್ಲ ಓದಬಲ್ಲವಳು ಆ ಒಂದು ಕಲೆಯನ್ನು ತಪ್ಪಾಗಿ ಓದಿದ್ದಳು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. “ಇಳಿದೂ ಇಳಿದೂ ಇವಳಿಗೆ ಸಾಕಾಗಿದೆ, ಮಾರಿದ್ರೆ ಖುಷಿಪಡ್ತಾಳೆ ಅಂದ್ಕೊಂಡಿದ್ದೆ.”

“ಇನ್ನೊಂದು ಬಾಕಿ ಇದೆ,” ಮಗಳು ಅವರತ್ತ ತಿರುಗಿದಳು. “ಮೆಕ್ಯಾನಿಕ್ ಪ್ಲೇಟ್ ಹಾಕ್ಸಿ ಅಂದಾಗ ಯಾಕೆ ಬೇಡ ಅಂದ್ರಿ?”

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

“ಹಾಕಿಸಿದ್ರೆ… ಇವಳನ್ನ ಏನಂತ ಹೇಳಿ ಕರ್ಕೊಂಡು ಹೋಗೋದು?”

ಹೊಲಿಗೆ ಯಂತ್ರ ನಿಂತಿತು.

ಹನ್ನೊಂದಕ್ಕೆ ಬಂದವನಿಗೆ ಅಪ್ಪ ಗೇಟಿನಲ್ಲೇ ಕೈಮುಗಿದು, ಈ ಗಾಡಿಗೆ ಇಬ್ಬರು ಬೇಕಪ್ಪ, ಒಬ್ಬರ ಕೈಲಾಗೋದಲ್ಲ ಎಂದು ಕಳಿಸಿಕೊಟ್ಟರು. ಆರು ತಿರುಪನ್ನೂ ಅಮ್ಮನೇ ಬಿಗಿದಳು. ಈ ತಿಂಗಳ ಲಾಕಿನ ಓಟ ಬಾಕಿಯಿದೆ ಎಂದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು, ಕೂತವಳು ಇಳಿಯಲಿಲ್ಲ.

ಅಪ್ಪ ನೋಡಿದರು. ಮಂಡಿ ಹಿಡಿದುಕೊಂಡು ಚಕ್ರದ ಮುಂದೆ ಕೂತರು.

“ಮೊದಲು ಒತ್ತಿ,” ಅಂದಳು ಅಮ್ಮ ಮೇಲಿನಿಂದ. “ಒತ್ಕೊಂಡೇ ಬಲಕ್ಕೆ ತಿರುಗಿಸಿ. ಆಯ್ತಾ? ಇನ್ನೊಂದು ಕಡೇನೂ ಇದೆ, ಹೋಗಿ.”